ಕೌದಿಯ ಮೂಲೆಯ ಅಕ್ಕಿ

ನಮ್ಮತ್ತೆ ಚಾಮುಂಡೇಶ್ವರಿಯವರ ವಿಷಯ ಬರೆಯುವ ಮೊದಲು ನನ್ನ ಕಳ್ಳತನವನ್ನು ಒಪ್ಪಿಕೊಂಡುಬಿಡುತ್ತೇನೆ. ಇಲ್ಲದಿದ್ದರೆ ಅವರು ಮೈಸೂರಿನಲ್ಲಿ ಕೂತು ಇದನ್ನು ಓದಿ, ಅಂಚಿನಲ್ಲಿ ಕೆಂಪು ಪೆನ್ಸಿಲಿನಿಂದ ತಿದ್ದಿ, ಫೋಟೋ ತೆಗೆದು ವಾಟ್ಸ್ಯಾಪಿನಲ್ಲಿ ಕಳಿಸುತ್ತಾರೆ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಹೊಲಿಗೆ ಟೀಚರ್ ಆಗಿದ್ದವರು. ರಿಟೈರ್ ಆಗಿ ಹತ್ತು ವರ್ಷ ದಾಟಿದರೂ ಮಾರ್ಕ್ಸ್ ಕೊಡುವ ಚಟ ಬಿಟ್ಟಿಲ್ಲ. ನಾನು ಮದುವೆಯಾಗಿ ಬಂದ ವಾರ ರವಿಕೆಗೆ ಹುಕ್ಕು ಹೊಲಿದುಕೊಳ್ಳುತ್ತಿದ್ದಾಗ ಹಿಂದಿನಿಂದ ಬಗ್ಗಿ ನೋಡಿ, ಹತ್ತಕ್ಕೆ ನಾಲ್ಕು ಎಂದು ಹೇಳಿ ಅಡುಗೆಮನೆಗೆ ಹೋದವರು ಅವರು. ಬೈದಿದ್ದರೆ ಮರೆತುಬಿಡುತ್ತಿದ್ದೆ. ಆ ನಾಲ್ಕು ಮಾರ್ಕ್ಸ್ ಇವತ್ತಿಗೂ ಮರೆತಿಲ್ಲ.

ಅವರ ಕೈಯ ಕೆಲಸವೆಂದರೆ ಕೌದಿ. ಹಳೆಯ ಸೀರೆ, ಪಂಚೆ, ಶರ್ಟು, ಲಂಗ, ಏನು ಸಿಕ್ಕರೂ ಕತ್ತರಿಸಿ, ಪದರದ ಮೇಲೆ ಪದರ ಹಾಕಿ, ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿನವರೆಗೆ ಕೈಯಲ್ಲೇ ಹೊಲಿದ ಹೊದಿಕೆ. ಹಾವೇರಿ ಕಡೆಯವರಾದ ಅವರ ಅಜ್ಜಿ ಕಲಿಸಿದ್ದಂತೆ. ಅತ್ತೆಯ ಒಂದೊಂದು ಹೊಲಿಗೆಯೂ ಅಕ್ಕಿಕಾಳಿನಷ್ಟು ಉದ್ದ, ಅದಕ್ಕಿಂತ ಕೂದಲೆಳೆಯಷ್ಟು ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ. ನಾನೂ ನನ್ನ ಗಂಡ ಮಹೇಶನೂ ಜಪಾನಿಗೆ ಬಂದ ಮೇಲೆ, ಊರಿನಿಂದ ಯಾರಾದರೂ ಈ ಕಡೆ ಬರುತ್ತಾರೆಂದು ಗೊತ್ತಾದರೆ ಸಾಕು, ಅವರ ಸೂಟ್‌ಕೇಸಿನಲ್ಲಿ ನಾಲ್ಕು ಕಿಲೋ ಜಾಗ ಮಾಡಿಸಿ ಒಂದು ಕೌದಿ ಕಳಿಸುತ್ತಿದ್ದರು. ಒಂಬತ್ತು ವರ್ಷದಲ್ಲಿ ಆರು ಕೌದಿ ಬಂದವು.

ಆರನ್ನೂ ನಾನು ಒಂದು ದಿನವೂ ಹೊದೆಯಲಿಲ್ಲ. ಇದೇ ಆ ಕಳ್ಳತನ. ಸಗಮಿಹಾರಾ ಎಂಬ ಊರಿನ ನಮ್ಮ ಅಪಾರ್ಟ್‌ಮೆಂಟಿನ ಪುಟ್ಟ ಕೋಣೆಗೆ ಕ್ಯಾಟಲಾಗಿನಲ್ಲಿರುವಂಥ ಬೆಳ್ಳಗಿನ, ಹಗುರವಾದ ಪುಕ್ಕದ ರಜಾಯಿ ಬೇಕು ಅಂತ ನನಗೆ ಆಸೆ. ಅದರ ಮೇಲೆ ಯಾರದೋ ಹಳೆಯ ಲಂಗದ ತುಂಡು ಕಾಣಿಸಿದರೆ ಬಂದವರು ಏನೆಂದುಕೊಳ್ಳುತ್ತಾರೋ ಎಂದು ನಾಚಿಕೆ. ನೂರು ಯೆನ್ ಅಂಗಡಿಯಲ್ಲಿ ಒಂದು ಬಗೆಯ ಪ್ಲಾಸ್ಟಿಕ್ ಚೀಲ ಸಿಗುತ್ತದೆ. ಹೊದಿಕೆಯನ್ನು ಒಳಗೆ ತುರುಕಿ, ವ್ಯಾಕ್ಯೂಮ್ ಕ್ಲೀನರಿನ ಕೊಳವೆ ಇಟ್ಟು ಗಾಳಿ ಎಳೆದರೆ ಎಂಥ ದಪ್ಪ ಕೌದಿಯೂ ಹಪ್ಪಳದ ಹಾಗೆ ಚಪ್ಪಟೆಯಾಗುತ್ತದೆ. ಬಂದದ್ದನ್ನು ಬಂದ ಹಾಗೇ ಬಿಚ್ಚಿ ನೋಡದೆ ಎಳೆದು, ಗೋಡೆ ಬೀರುವಿನ ತಳಕ್ಕೆ ಸೇರಿಸಿಬಿಡುತ್ತಿದ್ದೆ. ಪ್ರತಿ ವಾರ ಫೋನಿನಲ್ಲಿ ಅತ್ತೆ, ಕೌದಿ ಹೊದೀತೀರಾ ಎಂದು ಕೇಳುತ್ತಿದ್ದರು. ದಿನಾ ಹೊದೆಯುತ್ತೇವೆ ಎನ್ನುತ್ತಿದ್ದೆ. ಒಗೆಯುತ್ತೀಯಾ ಎಂದರೆ, ತಿಂಗಳ ಮೊದಲ ಭಾನುವಾರ ತಪ್ಪದೆ ಒಗೆದು ಬಿಸಿಲಿಗೆ ಹಾಕುತ್ತೇನೆ ಎನ್ನುತ್ತಿದ್ದೆ. ಬರೀ ಒಗೆಯುತ್ತೇನೆ ಎಂದು ಸುಮ್ಮನಾಗಬಹುದಿತ್ತು. ನನ್ನ ಬಾಯಿಗೆ ಯಾವಾಗಲೂ ಒಂದು ವಿವರ ಜಾಸ್ತಿ.

೨೦೨೦ರ ಫೆಬ್ರವರಿಯಲ್ಲಿ ಅತ್ತೆ ಎರಡು ತಿಂಗಳಿಗೆಂದು ಬಂದರು. ನಮ್ಮ ಮಗಳು ಸಿಂಧೂರಾ ಏಪ್ರಿಲ್‌ನಲ್ಲಿ ಒಂದನೇ ಕ್ಲಾಸಿಗೆ ಸೇರುವುದನ್ನು ನೋಡಿಕೊಂಡು ಹೋಗಬೇಕೆಂದು. ಅವರು ಬರುವ ಹಿಂದಿನ ದಿನ ಚೀಲಗಳ ಮುಚ್ಚಳ ತೆಗೆದೆ. ಗಾಳಿ ಹೊಕ್ಕ ಕೂಡಲೇ ಆರೂ ಕೌದಿಗಳು ನಿಟ್ಟುಸಿರು ಬಿಟ್ಟು ಉಬ್ಬಿದವು. ಅವುಗಳನ್ನು ಹಾಸಿಗೆಗಳ ಮೇಲೆ ಹರಡಿ, ನನ್ನ ಬೆಳ್ಳನೆಯ ರಜಾಯಿಗಳನ್ನು ಅದೇ ಚೀಲಕ್ಕೆ ತುಂಬಿ ಗಾಳಿ ಎಳೆದೆ. ಎರಡು ತಿಂಗಳು ತಾನೇ, ಹೇಗೋ ತಳ್ಳಿದರಾಯಿತು ಎಂದು ಮಹೇಶ ಹೇಳಿದ. ನನ್ನ ಗಂಡ ಯಾವತ್ತೂ ಹೀಗೇ, ಪಾಪದಲ್ಲಿ ಅರ್ಧ ಪಾಲು ತಗೊಂಡು ಪೂರ್ತಿ ಸಮಾಧಾನ ಹೇಳುತ್ತಾನೆ.

ಅತ್ತೆ ಬಂದರು, ಕೈಕಾಲು ತೊಳೆದರು, ಹಾಸಿಗೆಯ ಮೇಲೆ ಕೂತು ಕೌದಿಯನ್ನು ಒಮ್ಮೆ ಸವರಿದರು. ಅದರ ಒಂದು ಮೂಲೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಹಿಸುಕಿ ನೋಡಿದರು. ಆಮೇಲೆ ಕಾಫಿ ಕೇಳಿದರು. ಆಗ ನನಗೆ ಅದರಲ್ಲಿ ಏನೂ ವಿಶೇಷ ಕಾಣಲಿಲ್ಲ. ಆರರಲ್ಲಿ ಕೊನೆಗೆ ಬಂದಿದ್ದ ಕೌದಿಯನ್ನು ಆರಿಸಿಕೊಂಡು, ಇದು ನನಗಿರಲಿ ಎಂದು ತಮ್ಮ ಕೋಣೆಗೆ ಒಯ್ದರು.

ಮಾರ್ಚಿನಲ್ಲಿ ಸ್ಕೂಲು ಮುಚ್ಚಿತು, ವಿಮಾನ ನಿಂತಿತು. ಎರಡು ತಿಂಗಳ ವೀಸಾವನ್ನು ಇಲ್ಲಿನವರು ಮೂರು ಮೂರು ತಿಂಗಳು ಮುಂದೂಡುತ್ತಾ ಹೋದರು. ಹೇಗೋ ತಳ್ಳುತ್ತೇವೆಂದುಕೊಂಡ ಎರಡು ತಿಂಗಳು ಕೊನೆಗೆ ಒಂದು ವರ್ಷವಾಯಿತು.

ತಿಂಗಳ ಮೊದಲ ಭಾನುವಾರ ಬಂದರೆ ನನಗೆ ಜ್ವರ ಬಂದ ಹಾಗಾಗುತ್ತಿತ್ತು. ಅತ್ತೆ ತಿಂಡಿ ಮುಗಿಸಿ, ಕನ್ನಡಕ ಒರೆಸಿಕೊಳ್ಳುತ್ತಾ, ಇವತ್ತು ಕೌದಿ ಒಗೆಯೋ ದಿನ ಅಲ್ವೇನೇ ನಿರು, ಹೇಗೆ ಒಗೀತೀಯ ನೋಡೋಣ ಅಂತಿದ್ದೆ ಎನ್ನುತ್ತಿದ್ದರು. ಕೊರೋನಾವನ್ನು ನನ್ನಷ್ಟು ಚೆನ್ನಾಗಿ ಬಳಸಿಕೊಂಡವರು ಪ್ರಪಂಚದಲ್ಲಿ ಬೇರೆ ಯಾರೂ ಇರಲಿಕ್ಕಿಲ್ಲ. ಕೊರೋನಾ ಬಂದ ಮೇಲೆ ಹೊದಿಕೆ ಹೊರಗೆ ಒಣಹಾಕಬಾರದಂತೆ ಅತ್ತೆ. ಕೊರೋನಾದಿಂದ ದೊಡ್ಡ ವಾಷಿಂಗ್ ಮಶೀನಿನ ಅಂಗಡಿ ಮುಚ್ಚಿದ್ದಾರೆ ಅತ್ತೆ. ಅವರು ಹೌದಾ, ಪಾಪ ಎಂದು ತಲೆ ಆಡಿಸುತ್ತಿದ್ದರು. ನಮ್ಮ ಬಾಲ್ಕನಿಯ ಎದುರಿಗೇ ಇಡೀ ಬೀದಿಯ ಹಾಸಿಗೆ ಹೊದಿಕೆಗಳು ಸಾಲಾಗಿ ಬಿಸಿಲು ಕಾಯುತ್ತಿದ್ದವು.

ಮನೆಯಲ್ಲಿ ಕೂತವರಿಗೆ ಅತ್ತೆ ಹೊಲಿದುಕೊಟ್ಟದ್ದು ಒಂದೆರಡಲ್ಲ. ಮೊದಲು ಇಡೀ ಕಟ್ಟಡಕ್ಕೆ ಮಾಸ್ಕು. ಸರ್ಕಾರ ಮನೆಗೆ ಎರಡರಂತೆ ಅಂಚೆಯಲ್ಲಿ ಕಳಿಸಿದ ಬಟ್ಟೆ ಮಾಸ್ಕನ್ನು ಬಿಚ್ಚಿ, ಒಳಗಿನ ಹೊಲಿಗೆ ನೋಡಿ, ಹತ್ತಕ್ಕೆ ಎಂಟು ಕೊಟ್ಟು, ಮತ್ತೆ ಹೊಲಿದಿಟ್ಟರು. ಆಗಸ್ಟಿನಲ್ಲಿ ಇಲ್ಲಿನ ಕನ್ನಡದವರು ಆನ್‌ಲೈನಿನಲ್ಲಿ ಮಕ್ಕಳ ವೇಷಭೂಷಣ ಸ್ಪರ್ಧೆ ಇಟ್ಟರು. ಸಿಂಧೂರಾ ನವಿಲಾಗುತ್ತೇನೆಂದಳು. ಜೂಮಿನಲ್ಲಿ ಕಾಣಿಸುವುದು ಎದೆಯವರೆಗೆ ಮಾತ್ರ, ಕಿರೀಟವೂ ಕುತ್ತಿಗೆಯೂ ಸಾಕು ಎಂದು ನಾನು ಬುದ್ಧಿ ಹೇಳಿದೆ. ಅತ್ತೆ ನನ್ನನ್ನೊಮ್ಮೆ ನೋಡಿ, ಯಾರಿಗೂ ಕಾಣಿಸದಿದ್ದರೆ ಬಾಲ ಇಲ್ಲದೆ ನಡೆಯುತ್ತಾ ಎಂದು ಕೇಳಿದರು. ನನ್ನ ಹಳೆಯ ಮೂರು ದುಪಟ್ಟಾ ಕತ್ತರಿಸಿ ಎರಡು ಮೀಟರ್ ಬಾಲ ಹೊಲಿದರು, ಕಣ್ಣು ಕಣ್ಣಿಗೂ ಕೈಕಸೂತಿ. ಅಷ್ಟು ಚೆಂದದ ಬಾಲ ಇಟ್ಟುಕೊಂಡು ಯಾರು ಮುಖ ತೋರಿಸುತ್ತಾರೆ? ನನ್ನ ಮಗಳು ತನ್ನ ಎರಡು ನಿಮಿಷವೂ ಕ್ಯಾಮೆರಾಕ್ಕೆ ಬೆನ್ನು ತಿರುಗಿಸಿ ಕುಣಿದಳು. ಬಹುಮಾನ ಬೇರೆಯವರಿಗೆ ಹೋಯಿತು. ಅಜ್ಜಿಯೂ ಮೊಮ್ಮಗಳೂ ಗೆದ್ದವರ ಹಾಗೆ ಐಸ್‌ಕ್ರೀಮ್ ತಿಂದರು.

ಮಹೇಶನ ಕಾರ್ಖಾನೆಯ ಮೀಟಿಂಗುಗಳೂ ಆಗ ಮನೆಯಿಂದಲೇ. ಮೇಲೆ ಇಸ್ತ್ರಿ ಶರ್ಟು, ಕೆಳಗೆ ಪಂಚೆ. ಆರು ತಿಂಗಳು ನೋಡಿದ ಅತ್ತೆ, ಇನ್ನು ಇವು ಬೇಕಾಗುವುದಿಲ್ಲ ಎಂದು ಅವನ ಎರಡು ಆಫೀಸು ಪ್ಯಾಂಟುಗಳನ್ನು ಕತ್ತರಿಸಿಬಿಟ್ಟರು. ಏಳನೆಯ ಕೌದಿ ಶುರುವಾದದ್ದು ಹಾಗೆ.

ಇನ್ನೊಂದಾ, ಅಯ್ಯೋ ಶಿವನೇ ಎಂದು ನಾನು ಹಣೆ ಚಚ್ಚಿಕೊಂಡೆ. ಆದರೆ ಅದು ನನ್ನ ಕಣ್ಣೆದುರಿಗೇ ಬೆಳೆಯಿತು. ಪ್ಯಾಂಟಿನ ಪಕ್ಕದಲ್ಲಿ ಮಾಸ್ಕಿನ ಚೂರು, ಅದರ ಪಕ್ಕದಲ್ಲಿ ಸಿಂಧೂರಾಳ ಶಿಶುವಿಹಾರದ ಏಪ್ರನ್, ಹರಿದುಹೋದ ನವಿಲಿನ ಬಾಲ. ಕೆಳಗಿನ ಮನೆಯ ಮೊರಿಶಿತಾ ಸಾನ್ ತಮ್ಮ ಹಳೆಯ ನೀಲಿ ಯುಕಾತಾದ, ಅಂದರೆ ಇಲ್ಲಿನವರ ಬೇಸಿಗೆಯ ಹತ್ತಿ ನಿಲುವಂಗಿಯ, ತೋಳು ತಂದುಕೊಟ್ಟರು. ಸಾನ್ ಎಂದರೆ ಇಲ್ಲಿ ಅಮ್ಮಾವ್ರು ಎಂದಂತೆ, ಒಬ್ಬರೇ ಇರುವ ಎಪ್ಪತ್ತರ ಹೆಂಗಸು. ಅವರಿಗೂ ಅತ್ತೆಗೂ ಮಾಸ್ಕಿನಿಂದ ಸ್ನೇಹವಾಗಿ, ದಿನಾ ಸಂಜೆ ಮನೆ ಹತ್ತಿರದ ಬಾಹ್ಯಾಕಾಶ ಸಂಸ್ಥೆಯ ಬೇಲಿಯ ಗುಂಟ ಒಟ್ಟಿಗೆ ವಾಕಿಂಗು. ಒಬ್ಬರ ಭಾಷೆ ಒಬ್ಬರಿಗೆ ಎಳ್ಳಷ್ಟೂ ಬಾರದು. ದುಭಾಷಿ ನನ್ನ ಮಗಳು. ಒಂದು ದಿನ ನನಗೇ ಏನಾಯಿತೋ, ನಿಶ್ಚಿತಾರ್ಥದ ಸೀರೆ ತೆಗೆದು ಅದರ ಸೆರಗನ್ನು ನಾನೇ ಕತ್ತರಿಸಿ ಅತ್ತೆಯ ಮುಂದಿಟ್ಟೆ. ಅವರು ಅದನ್ನು ನಟ್ಟನಡುವೆ ಹಚ್ಚಿದರು. ಅವತ್ತಿನಿಂದ ಆ ಕೌದಿ ನನಗೆ ಬೇಕೆನಿಸಿತು. ನಾವು ನಾಲ್ವರು ಬಾಗಿಲು ಹಾಕಿಕೊಂಡು ಕಳೆದ ವರ್ಷವೆಲ್ಲ ಅದರೊಳಗಿತ್ತು. ಅದು ನನ್ನದು ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡುಬಿಟ್ಟೆ.

ಅಕ್ಟೋಬರಿನ ಒಂದು ಮಧ್ಯಾಹ್ನ. ಅತ್ತೆ ಬಾಲ್ಕನಿಯಲ್ಲಿ ಹೊಲಿಯುತ್ತಾ ಮೊರಿಶಿತಾ ಸಾನ್‌ಗೆ ಪಾಠ ಹೇಳುತ್ತಿದ್ದರು, ಸಿಂಧೂರಾ ಜಪಾನೀಸಿಗೆ ತಿರುಗಿಸುತ್ತಿದ್ದಳು. ನಾನು ಒಳಗೆ ನನ್ನ ಆಫೀಸಿನ ಮೀಟಿಂಗಿನಲ್ಲಿ ಮೈಕು ಮುಚ್ಚಿಕೊಂಡಿದ್ದೆ. ಅತ್ತೆಯ ದನಿ ಅವತ್ತು ಯಾಕೋ ಕ್ಲಾಸಿನ ಕೊನೆಯ ಬೆಂಚಿಗೂ ಕೇಳುವಷ್ಟು ದೊಡ್ಡದಾಗಿತ್ತು. ನಮ್ಮ ಮನೆಯ ಪದ್ಧತಿಯಲ್ಲಿ ಕೌದಿಯನ್ನು ಹಸಿದ ಹೊಟ್ಟೆಯಲ್ಲಿ ಯಾರಿಗೂ ಕೊಡುವುದಿಲ್ಲ ಎಂದರು. ಎಲ್ಲ ಮುಗಿದ ಮೇಲೆ ಒಂದು ಮೂಲೆಗೆ ತ್ರಿಕೋನದ ಬಟ್ಟೆ ಹಚ್ಚಿ, ಅದರೊಳಗೆ ಅರಿಶಿನ ಹಚ್ಚಿದ ಒಂದು ಹಿಡಿ ಅಕ್ಕಿ ತುಂಬಿ ಹೊಲಿಯುತ್ತಾರಂತೆ. ಹಸಿದ ಕೌದಿ ಹೊದ್ದವರ ನಿದ್ದೆ ತಿನ್ನುತ್ತದಂತೆ. ಆಮೇಲೆ ಒಗೆದ ಹಾಗೆಲ್ಲ ಆ ಅಕ್ಕಿ ನೆನೆದು, ಹಿಟ್ಟಾಗಿ, ಹಿಟ್ಟು ನೀರಿನಲ್ಲಿ ಹೋಗಿ, ಐದಾರು ಒಗೆತಕ್ಕೆ ಮೂಲೆ ಚಪ್ಪಟೆಯಾಗುತ್ತದಂತೆ. ಮೂಲೆ ಮುಟ್ಟಿದರೆ ಸಾಕು, ಕೌದಿ ಉಂಡಿದೆಯೋ ಉಪವಾಸವಿದೆಯೋ ಗೊತ್ತಾಗಿಬಿಡುತ್ತದೆ ಎಂದು ಮುಗಿಸಿದರು.

ಮೀಟಿಂಗು ಹಾಳಾಗಲಿ ಎಂದು ಎದ್ದು ಹೋಗಿ ನನ್ನ ಹಾಸಿಗೆಯ ಕೌದಿಯ ಮೂಲೆ ಹಿಸುಕಿದೆ. ಅಕ್ಕಿ ಕಾಳು ಕಾಳಾಗಿ ಬೆರಳಿಗೆ ಸಿಕ್ಕಿತು. ಒಂಬತ್ತು ವರ್ಷ ತಿಂಗಳು ತಿಂಗಳೂ ಒಗೆದ ಕೌದಿ.

ಮಾರನೆಯ ದಿನ ಅತ್ತೆ ವಾಕಿಂಗಿಗೆ ಇಳಿದ ಕೂಡಲೇ ನಾವಿಬ್ಬರೂ ಕತ್ತರಿ ಹಿಡಿದು ಕೂತೆವು. ಯೋಜನೆ ನನ್ನದು: ಮೂಲೆ ಬಿಚ್ಚುವುದು, ಅಕ್ಕಿ ತೆಗೆಯುವುದು, ಮತ್ತೆ ಹೊಲಿಯುವುದು. ಐದು ಕೌದಿಗಳ ಅಕ್ಕಿ ಒಂದು ಬಟ್ಟಲಿಗೆ ಬಂತು, ಇನ್ನೂ ಹಳದಿಯಾಗಿಯೇ ಇತ್ತು. ಮೊದಲನೆಯದನ್ನು ನಾನು ಹೊಲಿದೆ, ಉಳಿದ ನಾಲ್ಕನ್ನು ಮಹೇಶ. ಕಾರಿನ ಗೇರು ಡಿಸೈನ್ ಮಾಡುವವನು, ಸೂಜಿಗೆ ದಾರ ಪೋಣಿಸುವುದಕ್ಕೆ ಹತ್ತು ನಿಮಿಷ ತಗೊಂಡ. ಆರನೆಯದನ್ನು ಅತ್ತೆಯ ಹಾಸಿಗೆಯಿಂದ ಎಳೆದು ತಂದಾಗ ಅವನ ಕೈ ನಿಂತಿತು. ಆ ಮೂಲೆಯ ಪಕ್ಕದಲ್ಲೇ ನೀಲಿ ಚೌಕುಳಿಯ ಒಂದು ಜೇಬಿತ್ತು, ಶರ್ಟಿನಲ್ಲಿದ್ದ ಹಾಗೆಯೇ, ಪೆನ್ನಿನ ಮಸಿಯ ಕಲೆಯ ಸಮೇತ.

“ಇದು ಅಪ್ಪನ ಶರ್ಟು,” ಎಂದ.

ಮಾವ ತೀರಿಕೊಂಡದ್ದು ೨೦೧೭ರಲ್ಲಿ. ಈ ಕೌದಿ ಬಂದದ್ದು ಮರುವರ್ಷ. ಅದರಲ್ಲಿ ಏನಿದೆ ಎಂದು ನಾನು ಬಿಚ್ಚಿಯೂ ನೋಡಿರಲಿಲ್ಲ, ಬಂದ ಸಂಜೆಯೇ ಗಾಳಿ ಎಳೆದಿದ್ದೆ. ಮಹೇಶ ಜೇಬಿನೊಳಗೆ ಎರಡು ಬೆರಳು ಇಟ್ಟುಕೊಂಡು ಸ್ವಲ್ಪ ಹೊತ್ತು ಕೂತ. ಇದನ್ನು ಮುಟ್ಟುವುದು ಬೇಡ ಎಂದು ಹೇಳಿ, ಮಡಿಸಿ, ಅತ್ತೆಯ ಹಾಸಿಗೆಯ ಮೇಲೆ ಇದ್ದ ಹಾಗೇ ಇಟ್ಟುಬಂದ. ನನಗೆ ಅಳು ಬಂತು. ಅಳುವುದಕ್ಕೂ ಪುರುಸೊತ್ತಿರಲಿಲ್ಲ, ವಾಕಿಂಗು ಮುಗಿಯುವ ಹೊತ್ತಾಗಿತ್ತು. ಅಕ್ಕಿಯನ್ನು ಕಸಕ್ಕೆ ಹಾಕಲು ಮನಸ್ಸು ಬಾರದೆ ಮಹೇಶ ಅದನ್ನು ಗುಬ್ಬಿಗಳಿಗೆಂದು ಬಾಲ್ಕನಿಯ ಕಟಕಟೆಯ ಮೇಲೆ ಸುರಿದ.

೨೦೨೧ರ ಫೆಬ್ರವರಿಯಲ್ಲಿ ವಿಶೇಷ ವಿಮಾನದಲ್ಲಿ ಸೀಟು ಸಿಕ್ಕಿತು. ಹೊರಡುವ ಹಿಂದಿನ ದಿನ ಬೆಳಿಗ್ಗೆ ಅತ್ತೆ ಏಳನೆಯ ಕೌದಿಯನ್ನು ಮಡಿಸಿದರು. ನಾನು ಅಲ್ಲೇ ಸುಳಿದಾಡುತ್ತಿದ್ದೆ, ಬೇಡ ಬೇಡ ಎನ್ನುತ್ತಾ ತಗೊಳ್ಳುವುದು ಹೇಗೆಂದು ಮನಸ್ಸಿನಲ್ಲೇ ಅಭ್ಯಾಸ ಮಾಡುತ್ತಾ. ಅವರು ಅದನ್ನು ಎದೆಗವಚಿಕೊಂಡು, ಚಪ್ಪಲಿ ಮೆಟ್ಟಿ, ಮೆಟ್ಟಿಲಿಳಿದು, ಮೊರಿಶಿತಾ ಸಾನ್ ಕೈಗೆ ಕೊಟ್ಟುಬಂದರು.

ನನಗೆ ಮೈಯೆಲ್ಲ ಉರಿದುಹೋಯಿತು. ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ, ಅದರಲ್ಲಿ ನನ್ನ ನಿಶ್ಚಿತಾರ್ಥದ ಸೆರಗಿದೆ, ನಿಮ್ಮ ಮೊಮ್ಮಗಳ ಏಪ್ರನ್ ಇದೆ, ಅದು ಹೇಗೆ ಬೇರೆಯವರಿಗೆ ಕೊಟ್ಟಿರಿ ಎಂದು ಕೇಳಿಯೇಬಿಟ್ಟೆ. ಅತ್ತೆ ಒಳಗೆ ಬಂದು ನನ್ನನ್ನು ಕೂರಿಸಿದರು. ಮಹೇಶನನ್ನೂ ಕೂಗಿ ಕೂರಿಸಿದರು. ಐದು ಕೌದಿಗಳನ್ನು ತಂದು, ಐದು ಮೂಲೆಗಳನ್ನು ನಮ್ಮ ಮುಂದೆ ಸಾಲಾಗಿ ಇಟ್ಟರು.

“ಈ ಒಂದು ನಿಂದು ನಿರು, ಹತ್ತಕ್ಕೆ ಮೂರು. ಈ ನಾಲ್ಕು ನನ್ನ ಮಗಂದು. ಒಂದೂವರೆ. ಗಂಟು ಹೊರಗಡೆ ಬಿಟ್ಟಿದ್ದಾನೆ.”

ಅತ್ತೆ ಕೈಚೀಲದಿಂದ ಒಂದು ಸಣ್ಣ ಜಿಪ್ ಲಾಕ್ ಕವರು ತೆಗೆದು ಕೌದಿಯ ಮೇಲಿಟ್ಟರು. ಅದರಲ್ಲಿ ಹಳದಿ ಅಕ್ಕಿ. ನಾವು ಗುಬ್ಬಿಗಳಿಗೆ ಸುರಿದದ್ದು ನೆಟ್ಟಗೆ ಕೆಳಗಿನ ಬಾಲ್ಕನಿಗೆ ಬಿದ್ದಿತ್ತು. ಮೊರಿಶಿತಾ ಸಾನ್ ಒಂದೊಂದು ಕಾಳನ್ನೂ ಆರಿಸಿ, ಕವರಿಗೆ ಹಾಕಿ, ಸುಮಿಮಾಸೆನ್, ಅಂದರೆ ಕ್ಷಮಿಸಿ, ಇದು ನಿಮ್ಮ ಮನೆಯಿಂದ ಬಿದ್ದಂತಿದೆ ಎಂದು ಚೀಟಿ ಬರೆದು ನಮ್ಮ ಬಾಗಿಲಿನ ಹಿಡಿಗೆ ನೇತುಹಾಕಿ ಹೋಗಿದ್ದರು. ಕಳೆದುಹೋದದ್ದನ್ನು ಹಿಂದಿರುಗಿಸದಿದ್ದರೆ ಈ ದೇಶದವರಿಗೆ ಊಟ ಸೇರುವುದಿಲ್ಲ. ಆ ಚೀಟಿಯನ್ನು ಅಜ್ಜಿಗೆ ಓದಿ ಹೇಳಿದ್ದು ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗಳು. ನಾಲ್ಕು ತಿಂಗಳು ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಯಾಕೆ ಹೇಳಲಿಲ್ಲ ಎಂದು ಆಮೇಲೆ ಕೇಳಿದರೆ, ಯೂ ನೆವರ್ ಆಸ್ಕ್ಡ್ ಅಮ್ಮಾ ಎಂದಳು.

ಕೊನೆಗೆ ಅತ್ತೆ ತಮ್ಮ ಹಾಸಿಗೆಯ ಆರನೆಯ ಕೌದಿ ತಂದು ಅದರ ಮೂಲೆಯನ್ನು ನನ್ನ ಕಿವಿಯ ಹತ್ತಿರ ಹಿಡಿದು ಅಲುಗಿಸಿದರು. ಅಕ್ಕಿ ಗಲಗಲ ಎಂದಿತು.

“ಈ ಮನೇಲಿ ಸುಳ್ಳು ಹೇಳದೇ ಇರೋದು ಇದೊಂದೇ,” ಎಂದರು. “ಬಂದ ದಿನಾನೇ ಗೊತ್ತಾಯ್ತು ಕಣೇ. ಹೇಳ್ತೀರಿ, ಹೇಳ್ತೀರಿ ಅಂತ ಕಾದೆ. ನೀವೇ ಹೇಳೋಕೆ ದಾರಿ ಆಗ್ಲಿ ಅಂತ ಬಾಲ್ಕನಿಯಲ್ಲಿ ಗಂಟಲು ಹರಕೊಂಡು ಪಾಠ ಮಾಡಿದೆ. ನೀವು ಹೋಗಿ ಅಕ್ಕಿ ಕದ್ರಿ.”

ತಪ್ಪಾಯಿತು ಎಂದೆ. ಅವರ ಮುಖ ನೋಡಿ ಹೇಳಲು ಆಗಲಿಲ್ಲ, ಕೌದಿ ನೋಡಿ ಹೇಳಿದೆ. ಅತ್ತೆಗೆ ಸಿಟ್ಟು ಬಂದಿದ್ದರೆ ನನಗೆ ಸುಲಭವಾಗುತ್ತಿತ್ತು. ಅವರ ಕಣ್ಣಲ್ಲಿ ನೀರಿತ್ತು. ನಾನು ಬಟ್ಟೆ ಕಳಿಸಿರಲಿಲ್ಲ ನಿರು, ನಾನು ಬರೋಕಾಗಲ್ಲ ಅಂತ ಕಳಿಸಿದ್ದೆ ಎಂದು ಮೆಲ್ಲಗೆ ಹೇಳಿ, ಅಕ್ಕಿಯ ಕವರನ್ನು ಮತ್ತೆ ಕೈಚೀಲಕ್ಕೆ ಹಾಕಿಕೊಂಡು ಸೂಟ್‌ಕೇಸ್ ಕಟ್ಟಲು ಎದ್ದರು. ಮಾರನೆಯ ದಿನ ಆರೂ ಕೌದಿಗಳನ್ನು ಇಲ್ಲೇ ಬಿಟ್ಟು ಹೊರಟುಹೋದರು. ಹೊರಡುವ ಮುಂಚೆ ಕೈಚೀಲ ಹಿಡಿದು ಕೆಳಗೆ ಹೋಗಿ ಮೊರಿಶಿತಾ ಸಾನ್ ಜೊತೆ ಅರ್ಧ ಗಂಟೆ ಮಾತಾಡಿದರು, ದುಭಾಷಿಯನ್ನು ಕರೆದುಕೊಂಡು.

ಆಮೇಲೆ ನನಗೆ ಶಿಕ್ಷೆ ಶುರುವಾಯಿತು. ಬಿಸಿಲು ಬಿದ್ದ ಪ್ರತಿ ಬೆಳಿಗ್ಗೆ ಮೊರಿಶಿತಾ ಸಾನ್ ಏಳನೆಯ ಕೌದಿಯನ್ನು ತಮ್ಮ ಬಾಲ್ಕನಿಯ ಮೇಲೆ ಹರವಿ, ಕ್ಲಿಪ್ಪು ಹಾಕಿ, ಬೆತ್ತದಿಂದ ಪಟಪಟ ಬಡಿಯುತ್ತಿದ್ದರು. ಮೇಲಿನಿಂದ ಬಗ್ಗಿದರೆ ನನ್ನ ಸೆರಗು ನನಗೇ ಕಾಣಿಸುತ್ತಿತ್ತು. ಕಂಡರೆ ಕೈ ಬೀಸಿ ನಗುತ್ತಿದ್ದರು. ಒಳ್ಳೆಯ ಹೆಂಗಸು, ಏನು ಬೈಯುವುದು? ಹಲ್ಲು ಕಚ್ಚಿಕೊಂಡು ನಾನೂ ಕೈ ಬೀಸುತ್ತಿದ್ದೆ.

ಪುಕ್ಕದ ರಜಾಯಿಗಳನ್ನು ಹೊರಗೆ ತೆಗೆದಿದ್ದೆ. ಒಂದು ವಾರವೂ ಹೊದೆಯಲಾಗಲಿಲ್ಲ. ಮೈಮೇಲೆ ಏನೂ ಇಲ್ಲವೆನಿಸಿ ನಿದ್ದೆಯೇ ಹತ್ತದು. ಒಂದು ವರ್ಷ ಬೈದುಕೊಂಡು ಹೊದ್ದ ಭಾರ ಅಭ್ಯಾಸವಾಗಿಬಿಟ್ಟಿತ್ತು. ಸುಮ್ಮನೆ ಕೌದಿಗಳನ್ನೇ ಮತ್ತೆ ಹಾಸಿಗೆಗೆ ತಂದೆ.

ಏಪ್ರಿಲ್ ಕೊನೆಗೆ ಮೈಸೂರಿನಲ್ಲಿ ಎರಡನೆಯ ಅಲೆ ಎದ್ದಿತು. ಅತ್ತೆಗೆ ಜ್ವರ. ನೋಡಿಕೊಳ್ಳಲು ನಾದಿನಿ ರತ್ನಾ ಇದ್ದಳು, ಆಸ್ಪತ್ರೆಯಲ್ಲಿ ಹಾಸಿಗೆ ಇರಲಿಲ್ಲ. ಮನೆಯಲ್ಲೇ ಇಟ್ಟುಕೊಂಡು ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ, ತೊಂಬತ್ತೆರಡು, ತೊಂಬತ್ತೊಂದು ಎಂದು ನಂಬರು ಕಳಿಸುತ್ತಿದ್ದಳು. ನಾವು ಇಲ್ಲಿಂದ ಏನೂ ಮಾಡುವ ಹಾಗಿರಲಿಲ್ಲ. ಮೂರನೆಯ ದಿನ ನಾನು ಎದ್ದು ಹೋಗಿ, ಸ್ನಾನದ ತೊಟ್ಟಿಗೆ ಬಿಸಿನೀರು ಬಿಟ್ಟು, ಮೊದಲನೆಯ ಕೌದಿ ಅದರಲ್ಲಿ ಮುಳುಗಿಸಿ, ಸೀರೆ ಎತ್ತಿ ಕಟ್ಟಿದ ಹಾಗೆ ಪೈಜಾಮ ಮಡಿಚಿ ತುಳಿಯತೊಡಗಿದೆ. ನೀರು ಕೆಂಪಾಯಿತು, ಹಸಿರಾಯಿತು, ಕೊನೆಗೆ ಕಾಫಿಯಾಯಿತು. ಮಹೇಶನೂ ಬಂದು ತುಳಿದ. ಇಬ್ಬರೂ ಹಿಡಿದು ಹಿಂಡಿ, ಎತ್ತಲಾರದೆ ಎತ್ತಿ, ಬಾಲ್ಕನಿಗೆ ಹೊತ್ತು ಹಾಕಿದೆವು. ಮಾರನೆಯ ದಿನ ಎರಡನೆಯದು. ಹನ್ನೆರಡು ದಿನ ಹೀಗೇ ತುಳಿದೆವು, ಒಂದೊಂದನ್ನು ಎರಡೆರಡು ಸಲ. ದೇವರ ಪಟದ ಮುಂದೆ ಕೂತರೆ ಕೆಟ್ಟ ಯೋಚನೆಯೇ ಬರುತ್ತಿತ್ತು, ತೊಟ್ಟಿಯಲ್ಲಿ ಕಾಲು ಎತ್ತಿ ಹಾಕುತ್ತಿದ್ದರೆ ಬರುತ್ತಿರಲಿಲ್ಲ.

ಹದಿಮೂರನೆಯ ದಿನ ವೀಡಿಯೋದಲ್ಲಿ ಅತ್ತೆ ಕಾಣಿಸಿದರು. ಕೆನ್ನೆ ಒಳಗೆ ಹೋಗಿತ್ತು, ದನಿಯೇ ಇರಲಿಲ್ಲ. ನನ್ನ ಹಿಂದೆ ಬಾಲ್ಕನಿಯಲ್ಲಿ ತೂಗುತ್ತಿದ್ದುದನ್ನು ಕಣ್ಣು ಕಿರಿದು ಮಾಡಿ ನೋಡಿ, ನೆರಳಿನಲ್ಲಿ ಒಣಗಿಸು, ಬಣ್ಣ ಹೋಗುತ್ತೆ ಎಂದರು. ಅಷ್ಟು ಹೇಳಲು ಮೂರು ಸಲ ಉಸಿರೆಳೆದುಕೊಂಡರು. ನಾನು ಗಟ್ಟಿಯಾಗಿ ಅತ್ತುಬಿಟ್ಟೆ. ಬದುಕಿದರು, ಇನ್ನು ಭಯವಿಲ್ಲ ಎಂದು ನನಗೆ ಆ ಬೈಗುಳದಿಂದ ಗೊತ್ತಾಯಿತು.

ಆಮೇಲೂ ಒಗೆಯುವುದು ಬಿಡಲಿಲ್ಲ. ಆರನೆಯದರ ಅಕ್ಕಿ ಜೂನಿನಲ್ಲಿ ಉಬ್ಬಿ, ಮೂಲೆ ಕಡುಬಿನ ಹಾಗಾಗಿ, ಮಳೆಗಾಲದ ಮುಗ್ಗಲು ಹಿಡಿದು ಗಾಬರಿ ಹುಟ್ಟಿಸಿತು. ಮೂರನೆಯ ಒಗೆತಕ್ಕೆ ಬೆಳ್ಳನೆಯ ಗಂಜಿ ಇಳಿಯಿತು. ಆಗಸ್ಟಿನ ಮೊದಲ ಭಾನುವಾರ ಇಲ್ಲಿನ ಮಳೆಗಾಲ ಮುಗಿದು ಬಿಸಿಲು ಕಾದಿತ್ತು. ನಾನು ಆರೂ ಕೌದಿಗಳನ್ನು ಒಟ್ಟಿಗೆ ಹೊರಗೆ ಹಾಕಿದೆ. ಬಾಲ್ಕನಿ ಸಾಲದೆ ಎರಡು ಅಡುಗೆಮನೆಯ ಕಿಟಕಿಯಿಂದ ತೂಗಿದವು. ಆರನೆಯದರ ಮೂಲೆ ಹಿಸುಕಿದೆ. ಚಪ್ಪಟೆ.

ಸಂಜೆ ಬೀದಿ ಮೂಲೆಯ ಕೊಂಬಿನಿ ಅಂಗಡಿಗೆ ಹಾಲು ತರಲು ಹೊರಟರೆ ಬಾಗಿಲಿನ ಹಿಡಿಗೆ ಒಂದು ದೊಡ್ಡ ಕಾಗದದ ಚೀಲ ನೇತಾಡುತ್ತಿತ್ತು. ಒಳಗೆ ಏಳನೆಯ ಕೌದಿ. ಅದರ ಮೇಲೆ ಆರು ತಿಂಗಳ ಕ್ಯಾಲೆಂಡರಿನ ಹಾಳೆಗಳು. ನಾನು ಕೌದಿ ಹೊರಗೆ ಹಾಕಿದ ಒಂದೊಂದು ದಿನಕ್ಕೂ ಒಂದು ಕೆಂಪು ಸುತ್ತು, ಪಕ್ಕದಲ್ಲಿ ಎಷ್ಟು ಕೌದಿ ಎಂಬ ಅಂಕಿ. ಅವತ್ತಿನ ತಾರೀಕಿನ ಮೇಲೆ ಆರು ಎಂದು ಬರೆದು, ಇಲ್ಲಿನ ಟೀಚರುಗಳು ಚೆನ್ನಾಗಿ ಮಾಡಿದ ಮಕ್ಕಳಿಗೆ ಹಾಕುವ ಹೂವಿನಾಕಾರದ ದೊಡ್ಡ ಸುತ್ತು. ಒಂದು ಚೀಟಿಯೂ ಇತ್ತು. ಸಿಂಧೂರಾ ಓದಿದಳು. ಆರೂ ಒಂದೇ ದಿನ ಬಿಸಿಲು ಕಾಯುವುದನ್ನು ಕಂಡ ಮೇಲೆ ಇದನ್ನು ಮೇಲಿನ ಮನೆಗೆ ಕೊಡಬೇಕೆಂದು ಚಾಮುಂಡೇಶ್ವರಿ ಸಾನ್ ಹೇಳಿದ್ದರು, ಅಲ್ಲಿಯವರೆಗೆ ಇದು ನನ್ನಲ್ಲಿ ಅಡವಿತ್ತು, ದಿನಾ ಬಡಿದದ್ದಕ್ಕೆ ಕ್ಷಮಿಸಿ, ಅದೂ ಅವರದೇ ಆಜ್ಞೆ ಎಂದಿತ್ತು. ಮಗಳ ಮುಖ ನೋಡಿದೆ. ಇವಳಿಗೆ ಇದೂ ಫೆಬ್ರವರಿಯಿಂದಲೇ ಗೊತ್ತಿತ್ತು.

ಕೌದಿ ಬಿಡಿಸಿದೆ. ಮೂರು ಮೂಲೆ ಮುಗಿದಿದ್ದವು. ನಾಲ್ಕನೆಯದರ ತ್ರಿಕೋನ ಒಂದು ಪಕ್ಕ ಬಾಯಿ ತೆರೆದುಕೊಂಡಿತ್ತು. ಅಲ್ಲಿ ಪಿನ್ನಿನಿಂದ ಸಿಕ್ಕಿಸಿದ್ದು ದಾರ ಪೋಣಿಸಿದ ಒಂದು ಸೂಜಿ ಮತ್ತು ಅದೇ ಜಿಪ್ ಲಾಕ್ ಕವರು. ನಾವು ಕದ್ದ ಹಳದಿ ಅಕ್ಕಿ.

ಅಲ್ಲೇ ಬಾಗಿಲ ಹತ್ತಿರ ನೆಲದ ಮೇಲೆ ಕೂತೆ. ಒಂದು ಹಿಡಿ ಅಕ್ಕಿ ತುಂಬಿದೆ. ಒಂದೊಂದು ಹೊಲಿಗೆಗೂ ಒಂದು ಕಾಳು ಪಕ್ಕದಲ್ಲಿಟ್ಟು ಅಳತೆ ನೋಡಿ ಹೊಲಿದೆ, ಗಂಟನ್ನು ಒಳಗೆ ಬಚ್ಚಿಟ್ಟೆ. ಇಷ್ಟು ಗಮನವಿಟ್ಟು ನಾನು ಪರೀಕ್ಷೆಯನ್ನೂ ಬರೆದಿರಲಿಲ್ಲ. ಫೋಟೋ ತೆಗೆದು ಮೈಸೂರಿಗೆ ಕಳಿಸಿದೆ. ನೀಲಿ ಟಿಕ್ ಬಿದ್ದು, ಟೈಪಿಂಗ್ ಎಂದು ಬಹಳ ಹೊತ್ತು ತೋರಿಸಿ, ಕೊನೆಗೆ ಉತ್ತರ ಬಂತು.

“ಹತ್ತಕ್ಕೆ ನಾಲ್ಕು. ಬಿಚ್ಚಿ ಮತ್ತೆ ಹೊಲಿ.”

ನಾನು ಬಿಚ್ಚಲಿಲ್ಲ. ಅವರು ಮುಂದಿನ ಸಲ ಬಂದಾಗ ಮೊದಲು ಆ ಮೂಲೆಯನ್ನೇ ಹಿಡಿದು ನೋಡುತ್ತಾರೆ, ಬೈಯುತ್ತಾರೆ, ತಾವೇ ಕೂತು ಬಿಚ್ಚಿ ಹೊಲಿಯುತ್ತಾರೆ. ಅದಕ್ಕೇ ಹಾಗೇ ಇಟ್ಟಿದ್ದೇನೆ.